ಕೊಟ್ಟುಬಿಡುವದೂ ಬಿಟ್ಟುಕೊಡುವದೂ

ಈ ಸ್ಮರಣ ಸಂಚಿಕೆಗೆ ಮುಖ್ಯಾಧ್ಯಾಪಿನಿಯ ಲೇಖನವೊಂದು ಇರಲೇಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡರು. ಕಟ್ಟಡ, ಫಲಿತಾಂಶ, ಆಟದ ಬಯಲು ಇವುಗಳ ವಿಷಯವೆಲ್ಲ ವಾರ್ಷಿಕ ವರದಿಯಲ್ಲಿ ಬಂದೇ ಇರುವದು. ಅದನ್ನು ಇಲ್ಲಿ ತಿರುಗಿ ಬರೆದು ವಾಚಕರನ್ನು ದಣಿಸುವದಕ್ಕೆ ನಮಗೆ ಮನಸ್ಸಾಗಲಿಲ್ಲ. ಇಪ್ಪತ್ತು ವರ್ಷಗಳ ಹತ್ತಿರ ಹತ್ತಿರ ಹೆಣ್ಣುಮಕ್ಕಳಿಗೆ ಇಂಗ್ಲೀಷು ಕಲಿಸುತ್ತ ಬಂದವರು ನಾವು. ಆದುದರಿಂದ ಆ ಭಾಷೆಯ ಎರಡು ಚಿಕ್ಕ ಮಾತುಗಳ ವಿಷಯವಾಗಿ ನಾಲ್ಕು ಸಂಗತಿಗಳನ್ನು ಹೇಳಬೇಕೆಂದಿದ್ದೇವೆ. ‘ಗಿವ್ ಅಪ್’ ಎಂಬುವೇ ಆ ಮಾತುಗಳು. ಇವು ನಮಗೆ ಕಲಿಸಿದಷ್ಟು ಪಾಠವನ್ನು ನಮ್ಮ ಶಿಕ್ಷಕಿಯರ ತರಬೇತಿಯೂ ಕಲಿಸಲಿಲ್ಲ.

‘ಗಿವ್’ ಎಂದರೆ ಕೊಡು. ಇದು ಐದನೆಯ ಇಯತ್ತೆಯ ಹುಡುಗಿಗೂ ಗೊತ್ತು. ‘ಅಪ್’ ಎಂದರೆ ಮೇಲೆ. ಇದು ಅದಕ್ಕೂ ಮುಂಚೆ ಗೊತ್ತಾಗಿರುವದು. ಆದರೆ ಎರಡನ್ನೂ ಜೋಡಿಸಿದ ಕೂಡಲೆ ಕೊಡುವದೂ ಇಲ್ಲ, ಮೇಲೂ ಇಲ್ಲ. ಮೂರನೆಯದೊಂದು ಅರ್ಥವು ಎದ್ದು ನಿಲ್ಲುವದು. ‘ಗಿವ್ ಅಪ್ ದಿ ಬುಕ್’ ಎಂದು ಒಮ್ಮೆ ನಾವು ಹೇಳಲು, ಒಬ್ಬ ಚಿಕ್ಕ ಹುಡುಗಿಯು ಪುಸ್ತಕವನ್ನು ಎರಡೂ ಕೈಗಳಿಂದ ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಬಹು ಭಕ್ತಿಯಿಂದ ನಮ್ಮ ಮೇಜಿನ ವರೆಗೆ ನಡೆದು ಬಂದಳು. ವರ್ಗವೆಲ್ಲ ನಕ್ಕಿತು. ನಾವು ನಗಲಿಲ್ಲ, ಯಾಕಂದರೆ ಅವಳು ಮಾಡಿದ್ದರಲ್ಲಿ ತರ್ಕದ ದೋಷವೇನೂ ಇರಲಿಲ್ಲ.

ಇಂಥ ಜೋಡುಮಾತುಗಳು ಇಂಗ್ಲೀಷಿನಲ್ಲಿ ಶತಮಾನಗಳಿಂದ ಇದ್ದರೂ ಅವುಗಳಿಗೆ ಈಗ ನಾವು ಕೊಡುವ ಹೆಸರು ಇತ್ತೀಚಿನದು. ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ಪಂಡಿತರು 1925ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ‘ಫ್ರೇಜಲ್ ವರ್ಬ್’ ಎಂಬ ಹೆಸರನ್ನು ಬಳಸಿದರು. ಅದನ್ನು ಅವರಿಗೆ ಸೂಚಿಸಿದವರು ಆಕ್ಸ್‌ಫರ್ಡ್ ಮಹಾನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರ್ಯಾಡ್ಲಿಯವರು. ನಮ್ಮ ಹುಡುಗಿಯರಿಗೆ ಈ ಹೆಸರಿನಿಂದ ಏನೂ ತಿಳಿಯುವದಿಲ್ಲವೆಂದು ಕಂಡುದರಿಂದ ನಾವು ಇಳಕಲ್ಲ ಸೀರೆಯ ದೃಷ್ಟಾಂತವನ್ನು ಹಿಡಿದೆವು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎಳೆಗೆ ಎಳೆಯನ್ನು ಕೊಂಡಿ ಹಾಕಿ ಸೇರಿಸುವರು. ಕೊಂಡಿ ಬಿದ್ದ ಮೇಲೆ ಅದು ಒಂದೇ ಸೀರೆ. ಅದರಂತೆಯೇ ‘ಗಿವ್’ ಒಂದು ಹಾಸು, ‘ಅಪ್’ ಇನ್ನೊಂದು ಹಾಸು ಎಂದು ಹೇಳಿದರೆ ಇಳಕಲ್ಲ, ಹುನಗುಂದ, ಗುಳೇದಗುಡ್ಡಗಳ ಕಡೆಯಿಂದ ಬಂದ ಹುಡುಗಿಯರ ಮೋರೆಗಳು ಅರಳುವವು. ಮಗ್ಗವನ್ನು ಕಾಣದ ಹುಡುಗಿಯರಿಗೆ ಅವರೇ ವಿರಾಮದ ವೇಳೆಯಲ್ಲಿ ವಿವರಿಸಿ ಹೇಳುವರು.

ಇನ್ನು ಅರ್ಥಗಳ ಮಾತು. ನಡೆಯುತ್ತಿದ್ದ ಕೆಲಸವನ್ನು ಅಥವಾ ರೂಢಿಯಾದ ಚಟವನ್ನು ನಿಲ್ಲಿಸುವದು ಮೊದಲನೆಯದು: ತಂಬಾಕು ಬಿಟ್ಟನು, ಚಹ ಬಿಟ್ಟಳು. ಪ್ರಯತ್ನವನ್ನು ಕೈಬಿಟ್ಟು ಸೋಲೊಪ್ಪಿಕೊಳ್ಳುವದು ಅದರ ಬೆನ್ನಿಗೇ ಬರುವದು. ಒಗಟು ಬಿಡಿಸಲಾರದ ಹುಡುಗಿಯು ‘ಐ ಗಿವ್ ಅಪ್’ ಎನ್ನುವದು ಇದೇ ಅರ್ಥದಲ್ಲಿ. ತನ್ನದಾದುದನ್ನು ಇನ್ನೊಬ್ಬರಿಗಾಗಿ ಬಿಟ್ಟುಕೊಡುವದು ಬೇರೊಂದು. ಬಸ್ಸಿನಲ್ಲಿ ಮುದುಕಿಗೆ ಜಾಗ ಕೊಟ್ಟವಳು ತನ್ನ ಜಾಗವನ್ನು ‘ಗಿವ್ ಅಪ್’ ಮಾಡಿದಳು. ಕಳ್ಳನು ತಾನಾಗಿ ಠಾಣೆಗೆ ಬಂದು ಶರಣಾದರೆ ತನ್ನನ್ನು ತಾನೇ ‘ಗಿವ್ ಅಪ್’ ಮಾಡಿಕೊಂಡನು. ವೈದ್ಯರು ಇನ್ನು ಆಶೆಯಿಲ್ಲವೆಂದು ಕೈಚೆಲ್ಲಿದರೆ ರೋಗಿಯನ್ನು ‘ಗಿವ್ ಅಪ್’ ಮಾಡಿದರು. ಸಂತನು ಪ್ರಾರ್ಥನೆಗೆ ತನ್ನನ್ನು ಒಪ್ಪಿಸಿಕೊಟ್ಟರೆ ಅಲ್ಲಿಯೂ ಇದೇ ಮಾತು. ಕಳ್ಳನಿಗೂ ಸಂತನಿಗೂ ಒಂದೇ ಕ್ರಿಯಾಪದವು ಸಲ್ಲುವದೆಂಬುದು ನಮಗೆ ಒಂದು ಬಗೆಯ ಸಮಾಧಾನವನ್ನೇ ಕೊಟ್ಟಿದೆ.

1611ರ ಇಂಗ್ಲೀಷು ಸತ್ಯವೇದದಲ್ಲಿ ಅಬ್ರಹಾಮನೂ ಇಸಾಕನೂ ‘ಗೋಸ್ಟ್’ ಅನ್ನು ‘ಗಿವ್ ಅಪ್’ ಮಾಡಿದರೆಂದು ಬರೆದಿದೆ. ಶಿಲುಬೆಯ ಮೇಲೆ ಕರ್ತನ ವಿಷಯದಲ್ಲಿಯೂ ಅದೇ ಮಾತು. ಆ ಕಾಲದಲ್ಲಿ ಆ ಶಬ್ದಕ್ಕೆ ಪ್ರಾಣ, ಆತ್ಮ ಎಂಬ ಅರ್ಥವಿತ್ತು. ಈಗಿನ ಹುಡುಗಿಯರಿಗೆ ಗೊತ್ತಿರುವದು ದೆವ್ವವೆಂಬ ಅರ್ಥವೊಂದೇ. ಒಂದು ಶುಭ ಶುಕ್ರವಾರದ ಹಿಂದಿನ ದಿನ ಒಬ್ಬಳು ಕೈಯೆತ್ತಿ, “ಅಕ್ಕಾರ, ಅಬ್ರಹಾಮಗ ದೆವ್ವ ಬಡದಿತ್ತೇನ್ರಿ? ಆಮ್ಯಾಲ ಬಿಟ್ಟಿತೇನ್ರಿ?” ಎಂದು ಕೇಳಿದಳು. ಕನ್ನಡದಲ್ಲಿ ನಾವು ‘ಪ್ರಾಣ ಬಿಟ್ಟನು’ ಎನ್ನುವೆವಲ್ಲ, ಅದೇ ಎಂದು ಹೇಳಿದ ಕೂಡಲೆ ವರ್ಗಕ್ಕೆಲ್ಲ ತಿಳಿಯಿತು. ಪ್ರಕಟನೆಯ ಪುಸ್ತಕದ 20ನೆಯ ಅಧ್ಯಾಯದಲ್ಲಿ ಸಮುದ್ರವು ತನ್ನೊಳಗಿದ್ದ ಸತ್ತವರನ್ನು ಒಪ್ಪಿಸುವ ಪ್ರಸಂಗದಲ್ಲಿಯೂ ಇಂಗ್ಲೀಷಿನವರು ‘ಗಿವ್ ಅಪ್’ ಎಂದೇ ಹೇಳಿರುವರು. ಒಂದೆಡೆ ಸಾಯುವದಕ್ಕೆ, ಇನ್ನೊಂದೆಡೆ ಸತ್ತವರು ತಿರುಗಿ ಬರುವದಕ್ಕೆ!

ಬಳಕೆಯಲ್ಲಿ ಎರಡು ತಪ್ಪುಗಳು ನಮ್ಮ ಕಡೆ ಬಹಳ. ‘ಹಾಡುವದನ್ನು ಬಿಟ್ಟಳು’ ಎಂಬಲ್ಲಿ ‘ಗೇವ್ ಅಪ್ ಸಿಂಗಿಂಗ್’ ಎನ್ನಬೇಕು. ಹುಡುಗಿಯರು ‘ಟು ಸಿಂಗ್’ ಎಂದು ಬರೆಯುವರು. ಕನ್ನಡವನ್ನು ನೆನೆಸಿಕೊಂಡಿದ್ದರೆ ಈ ತಪ್ಪು ಆಗದು: ನಾವು ‘ಹಾಡಲು ಬಿಟ್ಟಳು’ ಎಂದರೆ ಮತ್ತೊಬ್ಬರಿಗೆ ಹಾಡಗೊಟ್ಟಳೆಂದು ಅರ್ಥವಾಗುವದು, ತಾನು ನಿಲ್ಲಿಸಿದಳೆಂದಾಗದು. ಎರಡನೆಯದು, ‘ಅದನ್ನು’ ಎಂಬ ಚಿಕ್ಕ ಸರ್ವನಾಮವು ನಡುವೆ ಬರಬೇಕು: ‘ಗಿವ್ ಇಟ್ ಅಪ್’. ಇದಕ್ಕೆ ಕಾರಣ ಕೇಳಬಾರದು, ರೂಢಿಯೇ ಕಾರಣ.

ಇಷ್ಟನ್ನು ಯಾವ ವ್ಯಾಕರಣದ ಪುಸ್ತಕವೂ ಹೇಳೀತು. ನಾವು ಹೇಳಬೇಕೆಂದು ಕುಳಿತಿರುವದು ಇನ್ನು ಮುಂದೆ ಇದೆ.

ನಾವು ಹೊಸದಾಗಿ ಉಪಾಧ್ಯಾಯಿನಿಯಾಗಿ ಬಂದ ದಿನಗಳಲ್ಲಿ ನಮಗೆ ಒಂದು ಸಣ್ಣ ಹೆಮ್ಮೆ ಇತ್ತು. ಕನ್ನಡವನ್ನು ಬಿಟ್ಟು ಇಂಗ್ಲೀಷನ್ನು ಕಲಿಸಲಾಗದು. ಕನ್ನಡದ ಮೆಟ್ಟಲಿನಿಂದಲೇ ಅದನ್ನು ಏರಬೇಕೆಂಬುದು ನಮ್ಮ ಮತವಾಗಿತ್ತು, ಈಗಲೂ ಆಗಿದೆ. ಇಂಗ್ಲೀಷಿನಲ್ಲಿ ‘ಅಪ್’ ಎಂಬುದು ಅನೇಕ ಕಡೆಗೆ ಮೇಲಕ್ಕೆಂಬ ಅರ್ಥವನ್ನು ಕಳೆದುಕೊಂಡು ‘ಪೂರ್ತಿಯಾಗಿ’ ಎಂಬ ಅರ್ಥದಲ್ಲಿ ಬರುವದಷ್ಟೆ: ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’. ಕನ್ನಡದಲ್ಲಿ ಆ ಕೆಲಸವನ್ನು ಮಾಡುವದು ‘ಬಿಡು’ ಎಂಬ ಧಾತು: ತಿಂದುಬಿಡು, ಕುಡಿದುಬಿಡು, ಮುಗಿಸಿಬಿಡು. ಇಲ್ಲಿ ತಿನ್ನುವವನು ಏನನ್ನೂ ಬಿಡುವದಿಲ್ಲ. ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡುವದಿಲ್ಲ. ಬಾಸೆಲ್ ಮಿಶನ್ನಿನ ಫರ್ಡಿನಂಡ್ ಕಿಟ್ಟೆಲ್‌ರವರು 1853ರಲ್ಲಿ ಈ ದೇಶಕ್ಕೆ ಬಂದು 1894ರಲ್ಲಿ ತಮ್ಮ ಕನ್ನಡ-ಇಂಗ್ಲೀಷು ನಿಘಂಟನ್ನು ಮಂಗಳೂರಿನಲ್ಲಿ ಪ್ರಕಟಿಸಿದರು. ಆ ಮಹಾನುಭಾವರು ಮೊದಲ ಸಲ ‘ಬಂದುಬಿಟ್ಟ’, ‘ಹೋಗಿಬಿಟ್ಟ’, ಅದಕ್ಕಿಂತ ಹೆಚ್ಚಾಗಿ ‘ಬಿಟ್ಟುಬಿಟ್ಟ’ ಎಂಬುದನ್ನು ಯಾರ ಬಾಯಿಂದಲೋ ಕೇಳಿದಾಗ ಎಷ್ಟು ಹೊತ್ತು ಸುಮ್ಮನೆ ಕುಳಿತಿರಬಹುದೆಂದು ನಾವು ಎಷ್ಟೋ ಸಲ ಯೋಚಿಸಿದ್ದುಂಟು. ಅವರಿಗೆ ‘ಬಿಡು’ ಇದ್ದಂತೆ ನಮ್ಮ ಹುಡುಗಿಯರಿಗೆ ‘ಅಪ್’.

ಆದುದರಿಂದ ನಾವು ಕರಿಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಹುಡುಗಿಯರಿಂದ ಬಾಯಿಪಾಠ ಮಾಡಿಸಿದೆವು: ‘ಅಪ್ ಎಂದರೆ ಬಿಡು’. ಸೂತ್ರವು ಚಿಕ್ಕದು, ನೆನಪಿನಲ್ಲಿ ಉಳಿಯುವಂಥದು. ಅದು ಎಲ್ಲಿ ಮುರಿಯುವದೆಂಬುದನ್ನು ನಾವು ಹೇಳಲಿಲ್ಲ; ಹೇಳಬೇಕೆಂದು ನಮಗೆ ತೋಚಲೂ ಇಲ್ಲ.

ಆ ವರ್ಗದಲ್ಲಿ ಇಳಕಲ್ಲಿನ ನೇಕಾರರ ಮನೆಯ ಹುಡುಗಿಯೊಬ್ಬಳಿದ್ದಳು. ವಸತಿಗೃಹದಲ್ಲಿದ್ದು ಓದಿ, ಹತ್ತನೆಯ ಇಯತ್ತೆಯನ್ನು ಚೆನ್ನಾಗಿ ಮುಗಿಸಿ, ತನ್ನ ಊರಿನಲ್ಲಿಯೇ ಇದ್ದುಕೊಂಡು ಪಿ.ಯು.ಸಿ.ಯನ್ನೂ ಪಾಸು ಮಾಡಿದಳು. ಮಾತು ಕಡಿಮೆ, ಅಕ್ಷರ ದುಂಡಗೆ. ಶಾಲೆ ಬಿಟ್ಟು ಹೋಗುವ ಹುಡುಗಿಯರಿಗೆಲ್ಲ ನಾವು, ಪತ್ರ ಬರೆಯುವದಾದರೆ ಇಂಗ್ಲೀಷಿನಲ್ಲಿಯೇ ಬರೆಯಿರಿ, ಇಲ್ಲವಾದರೆ ಕಲಿತದ್ದೆಲ್ಲ ಮರೆತುಹೋಗುವದು ಎಂದು ಕಟ್ಟಪ್ಪಣೆ ಮಾಡಿದ್ದೆವು. ಇವಳು ಅದನ್ನು ಪಾಲಿಸಿದಳು.

2009ರ ಬೇಸಿಗೆಯಲ್ಲಿ ದಾದಿಯರ ತರಬೇತಿಯನ್ನು ಕೊಡುವ ಬೇರೊಂದು ಊರಿನ ಸಂಸ್ಥೆಯವರು, ನಮ್ಮ ಶಾಲೆಯಿಂದ ಹೋದ ಒಬ್ಬ ಬಡ ಹುಡುಗಿಯನ್ನು ಊಟ ವಸತಿ ಸಹಿತ ಉಚಿತವಾಗಿ ತೆಗೆದುಕೊಳ್ಳಲು ಒಪ್ಪಿಕೊಂಡಿದ್ದರು. ನಾವು ಇಬ್ಬರ ಹೆಸರುಗಳನ್ನು ಕಳಿಸಿದೆವು. ಮೊದಲನೆಯ ಹೆಸರು ಇವಳದು. ಇಬ್ಬರೂ ಅಲ್ಲಿಗೆ ಹೋಗಿ ಒಂದು ಪರೀಕ್ಷೆಗೆ ಕೂಡ್ರಬೇಕು, ಆ ಮೇಲೆ ಶಾಲೆಯ ಅಭಿಪ್ರಾಯವನ್ನು ಕೇಳಿ ಒಬ್ಬಳನ್ನು ಆರಿಸುವದು ಎಂದು ಗೊತ್ತಾಗಿತ್ತು. ಪರೀಕ್ಷೆಯ ಮರುವಾರ ಇವಳ ಅಂತರ್ದೇಶೀಯ ಪತ್ರವು ನಮ್ಮ ಕೈಸೇರಿತು. ಕುಶಲ ಸಮಾಚಾರದ ಕೆಳಗೆ, ಒಂದು ಸಾಲು ಬಿಟ್ಟು, ಹೀಗೆ ಬರೆದಿತ್ತು: ‘ಐ ಹ್ಯಾವ್ ಗಿವನ್ ಅಪ್ ದಿ ಎಗ್ಸಾಮಿನೇಶನ್’. ಅದರ ಮುಂದೆ, ನಾನು ಸಂತೋಷದಿಂದಿದ್ದೇನೆ, ನನಗಾಗಿ ಪ್ರಾರ್ಥಿಸಿರಿ, ಎಂಬ ಅರ್ಥದ ಎರಡು ವಾಕ್ಯಗಳು.

ಅದನ್ನು ಓದಿದಾಗ ನಮಗೆ ವ್ಯಸನವಾಯಿತು, ಆಶ್ಚರ್ಯವಾಗಲಿಲ್ಲ. ಈ ಮಾತನ್ನು ಬರೆಯುವದಕ್ಕೆ ಈಗಲೂ ಕಷ್ಟವಾಗುತ್ತಿದೆ, ಆದರೂ ಬರೆಯಬೇಕು. ಅವಳ ತಂದೆಗೆ ಮೈಯಲ್ಲಿ ಸೌಖ್ಯವಿಲ್ಲವೆಂದೂ, ಮನೆಯ ಎರಡು ಮಗ್ಗಗಳಲ್ಲಿ ಒಂದು ನಿಂತಿದೆಯೆಂದೂ ನಮಗೆ ಯಾರೋ ಹೇಳಿದ್ದರು. ನೇಕಾರರ ಮನೆಯ ಹಿರಿಯ ಮಗಳು, ಎಲ್ಲಿ ಓದೀತು, ಬಿಟ್ಟೇ ಬಿಡುವದು ಎಂದು ನಮ್ಮ ಮನಸ್ಸು ಮೊದಲೇ ನಿರ್ಣಯಿಸಿಕೊಂಡಿತ್ತು. ಪತ್ರವು ನಮ್ಮ ನಿರ್ಣಯಕ್ಕೆ ರುಜು ಹಾಕಿತು, ಅಷ್ಟೆ. ಸಂತೋಷದಿಂದಿದ್ದೇನೆ ಎಂಬುದನ್ನು ಬಡವರ ಸಹನೆ ಎಂದು ತಿಳಿದುಕೊಂಡೆವು. ಪರೀಕ್ಷೆಯನ್ನೇ ಬಿಟ್ಟವಳು ಪ್ರಾರ್ಥಿಸಿರೆಂದು ಯಾತಕ್ಕೆ ಕೇಳುವಳು ಎಂಬ ಪ್ರಶ್ನೆಯು ನಮಗೆ ಹುಟ್ಟಲಿಲ್ಲ. ಇನ್ನೂ ಒಂದು ಸಂಗತಿ: ಕ್ರಿಯಾಪದದ ಕಾಲವನ್ನು ಸರಿಯಾಗಿ ಬಳಸಿದ್ದಾಳೆಂದು ನಾವು ಆ ವ್ಯಸನದಲ್ಲಿಯೂ ಮೆಚ್ಚಿಕೊಂಡೆವು.

ಅದೇ ವಾರದಲ್ಲಿ ಆ ಸಂಸ್ಥೆಯವರ ಪತ್ರವು ಬಂದಿತು. ಇಬ್ಬರಲ್ಲಿ ಯಾರನ್ನು ತೆಗೆದುಕೊಳ್ಳಬೇಕೆಂದು ಅವರು ಕೇಳಿದ್ದರು, ಯಾರು ಪರೀಕ್ಷೆಗೆ ಬಂದಿದ್ದರು, ಯಾರು ಇಲ್ಲ ಎಂಬುದನ್ನು ಅದರಲ್ಲಿ ಬರೆದಿರಲಿಲ್ಲ, ನಾವೂ ಕೇಳಲಿಲ್ಲ. ಮೊದಲನೆಯವಳು ತಾನಾಗಿ ಹಿಂದೆ ಸರಿದಿರುವಳಾದ್ದರಿಂದ ಎರಡನೆಯವಳನ್ನು ತೆಗೆದುಕೊಳ್ಳಬೇಕೆಂದು ಉತ್ತರ ಕೊಟ್ಟೆವು. ಬಾಗಲಕೋಟೆಯಿಂದ ಇಳಕಲ್ಲಿಗೆ ಬಸ್ಸುಗಳಿವೆ. ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ತಿರುಗಿ ಬರಬಹುದು.

ಜೂನ್ ತಿಂಗಳಲ್ಲಿ, ಮಳೆ ಹಿಡಿದ ಒಂದು ಬೆಳಿಗ್ಗೆ, ಹುಡುಗಿಯು ತಾಯಿಯ ಸಂಗಡ ಶಾಲೆಗೆ ಬಂದಳು. ಕೈಯಲ್ಲಿ ಚೀಲವಿತ್ತು. ಯಾವ ದಿನ ಹೋಗಿ ಸೇರಬೇಕೆಂದು ಕೇಳುವದಕ್ಕೆ ಬಂದಿದ್ದಳು. ನಾವು, “ಪರೀಕ್ಷೆಯನ್ನು ಬಿಟ್ಟೆನೆಂದು ನೀನೇ ಬರೆದಿದ್ದೆಯಲ್ಲ ತಂಗಿ?” ಎಂದೆವು. ಅವಳು ಸ್ವಲ್ಪ ಹೊತ್ತು ನಮ್ಮ ಮೋರೆಯನ್ನೇ ನೋಡಿ, “ಇಲ್ರೀ ಅಕ್ಕಾರ, ನಾ ಬಿಟ್ಟಿಲ್ರೀ. ಕೊಟ್ಟಬಿಟ್ಟೇನ್ರಿ,” ಎಂದಳು.

ನಮ್ಮ ಸೀಮೆಯಲ್ಲಿ ಪರೀಕ್ಷೆಯನ್ನು ‘ಕೊಡುವ’ ರೂಢಿ ಉಂಟು. ಮೈಸೂರಿನ ಕಡೆಯವರು ಪರೀಕ್ಷೆ ಬರೆದೆ ಎನ್ನುವರು. ನಾವು ಮರಾಠಿಯ ನೆರೆಯವರಾದ್ದರಿಂದ ಪರೀಕ್ಷಾ ಕೊಟ್ಟೆ ಎನ್ನುವೆವು. ಕೊಟ್ಟು ಮುಗಿಸಿದರೆ ಕೊಟ್ಟುಬಿಟ್ಟೆ. ಕೊಡು ಎಂದರೆ ‘ಗಿವ್’. ಬಿಡು ಎಂದರೆ ‘ಅಪ್’. ಇದು ಅಕ್ಕಾವರೇ ಕರಿಹಲಗೆಯ ಮೇಲೆ ಬರೆದುಕೊಟ್ಟ ಸೂತ್ರ. ಹುಡುಗಿಯು ಸೂತ್ರವನ್ನು ಅಕ್ಷರಶಃ ನಡಿಸಿದ್ದಳು. ಪುಸ್ತಕವನ್ನು ತಲೆಯ ಮೇಲೆ ಹೊತ್ತು ಬಂದ ಆ ಚಿಕ್ಕವಳಂತೆ ಇವಳ ತರ್ಕದಲ್ಲಿಯೂ ದೋಷವಿರಲಿಲ್ಲ.

ಆ ದಿನವೇ ಸಂಸ್ಥೆಗೆ ಫೋನು ಮಾಡಿದೆವು. ಉಚಿತ ಸ್ಥಾನವು ತುಂಬಿಹೋಗಿತ್ತು. ಎರಡನೆಯವಳು ಆಗಲೇ ಹೋಗಿ ಸೇರಿದ್ದಳು. ಹಣ ತುಂಬುವದಾದರೆ ಇನ್ನೊಂದು ಸ್ಥಾನವಿದೆಯೆಂದರು. ಆ ಹಣವು ಆ ಮನೆಯವರ ಎಟುಕಿಗೆ ಮೀರಿದ್ದು. ನಾವು ಕೆಲವರ ಹತ್ತಿರ ಕೇಳಿದೆವು, ನಮ್ಮ ಕೈಯಲ್ಲಿದ್ದುದನ್ನು ಸೇರಿಸಿದೆವು, ಅರ್ಧದ ಹತ್ತಿರವೂ ಹೋಗಲಿಲ್ಲ. ಎರಡನೆಯ ಹುಡುಗಿಯು ಈಗ ಒಳ್ಳೆಯ ದಾದಿಯಾಗಿ ಕೆಲಸ ಮಾಡುತ್ತಿರುವಳು. ಅವಳೂ ನಮ್ಮ ಮಗಳೇ; ಅವಳಿಗೆ ದೊರೆತುದಕ್ಕಾಗಿ ನಮಗೆ ಕೊರತೆಯೇನೂ ಇಲ್ಲ. ಮುಂದಿನ ವರ್ಷ ನೋಡೋಣವೆಂದು ನಾವು ಇಳಕಲ್ಲಿನವರಿಗೆ ಹೇಳಿ ಕಳಿಸಿದೆವು. 2010ರ ಬೇಸಿಗೆಯಲ್ಲಿ ನಾವು ವಿಚಾರಿಸಲು ಇಳಕಲ್ಲಿಗೆ ಹೋದಾಗ, ಈ ಸಲ ಬಸ್ಸು ಹತ್ತಿ ಹೋಗಿಯೇ ಹೋದೆವು, ತಂದೆಯು ಮಗ್ಗದ ಗುಂಡಿಯಲ್ಲಿ ಕುಳಿತಲ್ಲಿಂದಲೇ ಲಾಳಿಯನ್ನು ನಿಲ್ಲಿಸಿ, “ಹುನಗುಂದಕ್ಕ ಕೊಟ್ಟಬಿಟ್ಟೇವ್ರಿ ಅಕ್ಕಾರ,” ಎಂದನು.

ಅದೇ ಮಾತು.

ಅಂದಿನಿಂದ ನಾವು ಈ ಎರಡು ಧಾತುಗಳ ಬೆನ್ನು ಹತ್ತಿದೆವು. ಕೊಡು, ಬಿಡು. ಹಿಂದೆ ಮುಂದೆ ಮಾಡಿ ಜೋಡಿಸಿದರೆ ಕೊಟ್ಟುಬಿಡು ಒಂದಾಗುವದು, ಬಿಟ್ಟುಕೊಡು ಇನ್ನೊಂದಾಗುವದು. ಇಂಗ್ಲೀಷಿನ ‘ಗಿವ್ ಅಪ್’ ಎರಡನೆಯದಕ್ಕೆ ಸಮೀಪವಾದುದು, ಮೊದಲನೆಯದಕ್ಕಲ್ಲ. ಇದನ್ನು ಕನ್ನಡದ ಹುಡುಗಿಗೆ ಹೇಳಿಕೊಡದೆ ‘ಅಪ್ ಎಂದರೆ ಬಿಡು’ ಎಂದು ಕಲಿಸಿದವರು ನಾವು.

ಮರುವರ್ಷ ಮಕ್ಕಳನ್ನು ಬಾದಾಮಿಗೂ ಐಹೊಳೆಗೂ ಕರೆದುಕೊಂಡು ಹೋಗಿದ್ದೆವು. ಬಾದಾಮಿಯ ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಲೀಶನು 578ರಲ್ಲಿ ಕೊರೆಯಿಸಿ ಮುಗಿಸಿದನು. ಅಲ್ಲಿಯ ಕನ್ನಡ ಶಾಸನವು ಆ ಕಲ್ಮನೆಯ ದೇವರಿಗೆ ಹೂಮಾಲೆ ಕಟ್ಟುವವರಿಗಾಗಿ ಲಂಜಿಗೇಸರವೆಂಬ ಊರನ್ನು ಕೊಟ್ಟುದನ್ನು ಹೇಳುವದು. ಐಹೊಳೆಯಲ್ಲಿ ಒಂದು ಗುಡಿಯ ಬಳಿ, ಆ ಗುಹೆಗಿಂತ ಬಹು ಈಚಿನ ಕಾಲದ ಕಲ್ಲೊಂದರ ಮುಂದೆ ನಿಂತು, ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಅರಸರೂ ಅಧಿಕಾರಿಗಳೂ ವರ್ತಕರೂ ದೇವಾಲಯಗಳಿಗೆ ಹೊಲ, ತೋಟ, ಗಾಣಗಳನ್ನು ‘ಬಿಟ್ಟರು’ ಎಂದೇ ಶಾಸನಗಳಲ್ಲಿ ಬರೆಯಿಸುವದು ವಾಡಿಕೆ ಎಂದು ನಾವು ವಿವರಿಸುತ್ತಿದ್ದೆವು. ಒಬ್ಬಳು, “ರಾಜಾ ಹೊಲಾ ಬಿಟ್ಟು ಎಲ್ಲಿ ಹ್ವಾದ್ನರಿ?” ಎಂದಳು. ಎಲ್ಲಿಯೂ ಹೋಗಲಿಲ್ಲ, ಬಿಟ್ಟನು ಎಂದರೆ ಕೊಟ್ಟನು. ನಮ್ಮ ಹಿರಿಯರಿಗೆ ಬಿಡುವದೂ ಕೊಡುವದೂ ಒಂದೇ ಕೈಯ ಕೆಲಸವಾಗಿತ್ತು: ಹಿಡಿದಿದ್ದ ಕೈ ಸಡಿಲಾದ ಹೊರತು ಕೊಡುವದೆಂತು? ಈಗಲೂ ‘ದೇವರಿಗೆ ಬಿಟ್ಟ ಹೊಲ’ ಎನ್ನುವೆವಲ್ಲ.

ಹೊಲವನ್ನಷ್ಟೇ ಬಿಟ್ಟಿದ್ದರೆ ಚೆನ್ನಾಗಿತ್ತು. ಈ ನಾಡಿನಲ್ಲಿ ಹೆಣ್ಣುಮಕ್ಕಳನ್ನೂ ದೇವರಿಗೆ ‘ಬಿಡುತ್ತಿದ್ದರು’. 1934ರಲ್ಲಿ ಮುಂಬಯಿ ಪ್ರಾಂತದ ಕಾಯಿದೆಯೂ, ಆ ಮೇಲೆ ಕರ್ನಾಟಕದ 1982ರ ಕಾಯಿದೆಯೂ ಅದನ್ನು ನಿಷೇಧಿಸಿದವು. ಒಂದೇ ವಾಕ್ಯದಲ್ಲಿ ಹೊಲವೂ ಹುಡುಗಿಯೂ ಕರ್ಮಪದವಾಗಿ ಕೂಡ್ರಬಲ್ಲವೆಂಬುದನ್ನು ವ್ಯಾಕರಣದ ಪಾಠದಲ್ಲಿ ನಾವು ಮುಚ್ಚಿಡುವದಿಲ್ಲ. ಹುಡುಗಿಯರಿಗೆ ತಿಳಿಯಲಿ.

ಬಿಟ್ಟುಕೊಡುವದೆಂದರೇನೆಂಬುದನ್ನು ಬಾಗಲಕೋಟೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟುವ ಆಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಹಾಕಿದರು, ಜಲಾಶಯವು 519.60 ಮೀಟರಿನ ಮಟ್ಟಕ್ಕೆ ತುಂಬಿದಾಗ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೇರಿ ಹಳೆಯ ಊರಿನ ಓಣಿಗಳನ್ನು ನುಂಗಿತು. ಜನರು ನವನಗರಕ್ಕೆ ಬಂದರು. ಸೆಕ್ಟರು, ಪ್ಲಾಟು ಎಂಬ ಮಾತುಗಳನ್ನು ಕಲಿತರು. ನಿಬಂಧದಲ್ಲಿ ಒಬ್ಬ ಹುಡುಗಿಯು ತನ್ನ ಅಜ್ಜಿಯ ಮಾತನ್ನು ಇಂಗ್ಲೀಷು ಮಾಡಿ, ನಾವು ನಮ್ಮ ಮನೆಯನ್ನು ನೀರಿಗೆ ‘ಗೇವ್ ಅಪ್’ ಮಾಡಿದೆವು ಎಂದು ಬರೆದಿದ್ದಳು. ನಾವು ಅದಕ್ಕೆ ಸರಿ ಎಂದು ಗುರುತು ಹಾಕಿದೆವು. ಇಷ್ಟು ಸರಿಯಾಗಿ ಆ ಮಾತನ್ನು ಬಳಸಿದ ಇನ್ನೊಂದು ವಾಕ್ಯವನ್ನು ನಮ್ಮ ಇಪ್ಪತ್ತು ವರ್ಷಗಳಲ್ಲಿ ಕಂಡಿಲ್ಲ. ಆದರೆ ಅಜ್ಜಿಯನ್ನು ಕೇಳಿದರೆ ಅವಳು ‘ಬಿಟ್ಟುಕೊಟ್ಟಿವಿ’ ಎನ್ನುವದಿಲ್ಲ, ‘ಬಿಡಿಸಿದ್ರು’ ಎನ್ನುವಳು.

ಇಲ್ಲಿಯೇ ಕನ್ನಡವು ಇಂಗ್ಲೀಷಿಗಿಂತ ಪ್ರಾಮಾಣಿಕವಾದ ಭಾಷೆಯೆಂದು ನಮಗೆ ತೋರುವದು. ಇಂಗ್ಲೀಷಿನಲ್ಲಿ ‘ಶಿ ಗೇವ್ ಅಪ್ ಹರ್ ಸ್ಟಡೀಜ್’ ಎಂದು ಬರೆದರೆ, ಬಿಟ್ಟವಳು ಅವಳೇ, ಕರ್ತೃಪದವು ಅವಳೇ, ಹೊಣೆಯೂ ಅವಳದೇ. ಕನ್ನಡದಲ್ಲಿ ‘ಶಾಲೆ ಬಿಟ್ಟಳು’ ಎಂಬುದು ಬೇರೆ, ‘ಶಾಲೆ ಬಿಡಿಸಿದರು’ ಎಂಬುದು ಬೇರೆ. ಒಂದು ‘ಇಸು’ ಪ್ರತ್ಯಯದಿಂದ ಇನ್ನೊಬ್ಬರ ಕೈ ಕಾಣಿಸಿಕೊಳ್ಳುವದು. ನಮ್ಮ ಶಾಲೆಯ ಹಳೆಯ ದಾಖಲೆ ಪುಸ್ತಕಗಳಲ್ಲಿ ಶಾಲೆ ಬಿಟ್ಟ ಕಾರಣವನ್ನು ಬರೆಯುವ ಅಂಕಣವೊಂದಿದೆ. ಅದರಲ್ಲಿ ಪುಟಗಟ್ಟಲೆ ‘ಗೇವ್ ಅಪ್’, ‘ಗೇವ್ ಅಪ್’ ಎಂದು ಅಂದವಾದ ಅಕ್ಷರಗಳಲ್ಲಿ ಬರೆದಿದೆ; ಅವುಗಳಲ್ಲಿ ಕೆಲವು ನಮ್ಮ ಅಕ್ಷರಗಳೂ ಹೌದು. ಆ ಹೆಸರುಗಳ ಮೇಲೆ ಬೆರಳಿಟ್ಟು ನೋಡಿದರೆ, ತಾನಾಗಿ ಬಿಟ್ಟವಳು ಇವರಲ್ಲಿ ಯಾರು ಎಂಬುದು ನಮಗೆ ತಿಳಿಯದು. ಬಿಟ್ಟವರೆಂದು ನಾವು ಬರೆದುಕೊಂಡವರಲ್ಲಿ ಕೊಟ್ಟುಬಿಟ್ಟವರೂ ಇದ್ದರೋ ಏನೋ, ಅದೂ ತಿಳಿಯದು.

ಮುಖ್ಯಾಧ್ಯಾಪಿನಿಯಾದ ಮೇಲೆ ನಾವು ಮಾಡಿದ ಬದಲಾವಣೆಗಳು ಎರಡೇ, ಚಿಕ್ಕವು. ಆ ಅಂಕಣವನ್ನು ಈಗ ಕನ್ನಡದಲ್ಲಿ ತುಂಬುವೆವು. ‘ಬಿಟ್ಟಳು’ ಅಥವಾ ‘ಬಿಡಿಸಿದರು’ ಎಂದು ಬರೆಯುವ ಮೊದಲು ಆ ಮನೆಗೆ ಒಬ್ಬರು ಹೋಗಿ ಬರಬೇಕು. ಎಷ್ಟೋ ಸಲ ಹೋಗಿ ಬಂದವರು ಹುಡುಗಿಯನ್ನೂ ಕರೆದುಕೊಂಡು ಬಂದಿರುವರು, ಆಗ ಅಂಕಣವು ಖಾಲಿ ಉಳಿಯುವದು. ಎರಡನೆಯದು, ಹಳೆಯ ವಿದ್ಯಾರ್ಥಿನಿಯರು ನಮಗೆ ಇಂಗ್ಲೀಷಿನಲ್ಲಿ ಪತ್ರ ಬರೆದರೆ ಅದರ ಕೆಳಗೆ ಅದೇ ಸಂಗತಿಯನ್ನು ಕನ್ನಡದಲ್ಲಿಯೂ ಬರೆಯಬೇಕು. ಈಗ ಪತ್ರಗಳು ಬರುವದೇ ಅಪರೂಪ. ಫೋನಿನ ಮೇಲೆ ಎರಡು ಸಾಲು ಬರುವವು. ಅದಕ್ಕೂ ಈ ನಿಯಮವುಂಟು.

ಇಳಕಲ್ಲಿನ ಆ ಹುಡುಗಿಯು ಹುನಗುಂದದಲ್ಲಿ ಸಂಸಾರ ಮಾಡಿಕೊಂಡಿರುವಳು. ಕಳೆದ ಜೂನಿನಲ್ಲಿ ತನ್ನ ಮಗಳನ್ನು ನಮ್ಮ ಎಂಟನೆಯ ಇಯತ್ತೆಗೆ ಸೇರಿಸಲು ಬಂದಿದ್ದಳು. ನಾವು ಎದ್ದು ನಿಂತು ಕರೆದು ಕೂಡ್ರಿಸಿದೆವು. ಹಳೆಯ ಮಾತನ್ನು ಅವಳೂ ಎತ್ತಲಿಲ್ಲ, ನಮಗೂ ಎತ್ತುವ ಧೈರ್ಯವಾಗಲಿಲ್ಲ. ಅರ್ಜಿಯನ್ನು ತುಂಬಿ ರುಜು ಮಾಡಿದಳು. ಅಕ್ಷರ ಈಗಲೂ ದುಂಡಗೆ. ಮಗಳ ಟ್ರಂಕನ್ನು ವಸತಿಗೃಹದಲ್ಲಿ ಇಟ್ಟು ಬಂದು, ಹೋಗುವಾಗ ಬಾಗಿಲಲ್ಲಿ ನಿಂತು, “ಅಕ್ಕಾರ, ಇಕೀಗೆ ಇಂಗ್ಲೀಷ್ ಚೆನ್ನಾಗಿ ಕಲಸ್ರಿ. ಮನಿಗೆ ಪತ್ರ ಮಾತ್ರ ಕನ್ನಡದಾಗ ಬರಿಯಾಕ ಹೇಳ್ರಿ,” ಎಂದು ನಕ್ಕಳು.

ಆ ಮಗುವು ಭಾನುವಾರ ಭಾನುವಾರ ಮನೆಗೆ ಪತ್ರ ಬರೆಯುತ್ತಿರುವಳು. ಕನ್ನಡದಲ್ಲಿಯೇ ಬರೆಯುವಳು, ವಿಳಾಸವನ್ನು ಮಾತ್ರ ಇಂಗ್ಲೀಷಿನಲ್ಲಿ.